ಶ್ರೀಮತಿ ಸ್ನೇಹಲತಾ ರೆಡ್ಡಿಯವರ ಜೀವನಚರಿತ್ರೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಒಬ್ಬ ಮಹನೀಯರ ಚರಿತ್ರೆಯನ್ನು ಪ್ರಕಟಿಸುವ ವಾಡಿಕೆಯು ಬಹು ದಿನಗಳಿಂದ ನಡೆದು ಬಂದಿರುವದು. ರಾಣಿಯರ, ದಾದಿಯರ, ಶಾಲೆಗಳನ್ನು ಸ್ಥಾಪಿಸಿದ ಬಾಯಿಯವರ ಚರಿತ್ರೆಗಳನ್ನು ನಮ್ಮ ವಾಚಕರು ಹಿಂದೆ ಓದಿರುವರು. ಈ ಸಲ ನಾವು ಆರಿಸಿಕೊಂಡಿರುವದು ಒಬ್ಬ ನಟಿಯ ಚರಿತ್ರೆಯನ್ನು. ಇದನ್ನು ಕಂಡು ಕೆಲವು ಪಾಲಕರು ಹುಬ್ಬೇರಿಸಬಹುದು. ಪೂರ್ತಿಯಾಗಿ ಓದಿದ ಬಳಿಕ ಏರಿಸಲಿ ಎಂದು ನಮ್ಮ ಬಿನ್ನಹ.

ಸೆರೆಮನೆಯ ಮಾತು ನರಗುಂದದವರಿಗೆ ಹೊಸದಲ್ಲ. ಇಲ್ಲಿಯ ಸಂಸ್ಥಾನಿಕರಾಗಿದ್ದ ಬಾಬಾಸಾಹೇಬರನ್ನು ಇಂಗ್ಲಿಷರು ಹಿಡಿದು ಬೆಳಗಾವಿಗೆ ಒಯ್ದು 1858ರ ಜೂನ್ ತಿಂಗಳಲ್ಲಿ ಗಲ್ಲಿಗೇರಿಸಿದ ಸಂಗತಿಯನ್ನು ಈ ಗುಡ್ಡದ ನೆರಳಿನಲ್ಲಿ ಬೆಳೆದ ಪ್ರತಿಯೊಂದು ಮಗುವೂ ಬಲ್ಲದು. 1980ರ ಜುಲೈ ತಿಂಗಳಲ್ಲಿ ರೈತರ ಬಂಡಾಯವಾದದ್ದು ಇನ್ನೂ ಹಿರಿಯರ ಕಣ್ಣಿಗೆ ಕಟ್ಟಿದಂತಿರುವದು. ಆದರೆ ಗಲ್ಲಿನ ಸಂಗತಿಯನ್ನು, ಗುಂಡಿನ ಸಂಗತಿಯನ್ನು ಜನರು ನೆನಪಿನಲ್ಲಿಡುವಂತೆ, ಬೀಗದ ಹಿಂದೆ ರೋಗದಿಂದ ನರಳಿದವರ ಸಂಗತಿಯನ್ನು ನೆನಪಿನಲ್ಲಿಡುವದಿಲ್ಲ. ಅದಕ್ಕಾಗಿಯೇ ಈ ಚರಿತ್ರೆಯನ್ನು ಬರೆಯಲು ಹೊರಟಿರುವೆವು.

ಸ್ನೇಹಲತಾ ಅವರು 1932ರಲ್ಲಿ ಒಂದು ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ಅಂದಿನ ಅಂಥ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಪರದೇಶದ ಹೆಸರು, ಪರದೇಶದ ಉಡುಪು ಸಾಮಾನ್ಯವಾಗಿದ್ದವು. ಪರರ ಆಳಿಕೆಯನ್ನು ಸಹಿಸದ ಸ್ವಭಾವದ ಇವರು ದೇಶೀಯ ಹೆಸರನ್ನೇ ಇಟ್ಟುಕೊಂಡು ದೇಶೀಯ ಉಡಿಗೆಯನ್ನೇ ಉಟ್ಟರು. ನಾಟ್ಯವನ್ನು ಕಲಿತರು. ನೆಲ್ಲೂರಿನ ಕಡೆಯವರೂ ತೆಲುಗಿನ ಹೆಸರಾದ ಕವಿಗಳೂ ಆಗಿದ್ದ ಪಟ್ಟಾಭಿರಾಮ ರೆಡ್ಡಿಯವರನ್ನು ವಿವಾಹವಾದರು. ಮದ್ರಾಸಿನಲ್ಲಿ ಇಂಗ್ಲಿಷ್ ನಾಟಕಗಳನ್ನಾಡುವ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ಮಂಡಲಿಯನ್ನು ಸ್ಥಾಪಿಸಿದವರಲ್ಲಿ ಇವರೂ ಒಬ್ಬರು. ಸೀತಾದೇವಿಯನ್ನು ಕುರಿತು ತಾವೇ ಒಂದು ನಾಟಕವನ್ನು ಬರೆದರು. ಪತಿಪತ್ನಿಯರಿಬ್ಬರೂ ಡಾಕ್ಟರ್ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದವರು.

ಕನ್ನಡಿಗರು ಇವರನ್ನು ಬಲ್ಲದ್ದು 1970ರ ಸಂಸ್ಕಾರ ಎಂಬ ಚಲಚ್ಚಿತ್ರದಿಂದ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ನಿರ್ಮಿಸಿ ನಿರ್ದೇಶಿಸಿದರು. ಸೆನ್ಸಾರ್ ಮಂಡಲಿಯವರು ಮೊದಲು ಅದನ್ನು ತಡೆದರು. ಮುಂದೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವು ದೊರೆಯಿತು. ಕನ್ನಡಕ್ಕೆ ಆ ಪದಕವು ಬಂದದ್ದು ಅದೇ ಮೊದಲು. ಅದರಲ್ಲಿ ಸ್ನೇಹಲತಾ ಅವರದು ಚಂದ್ರಿಯ ಪಾತ್ರ. ಕಥೆಯನ್ನು ಅರಿಯದವರಿಗಾಗಿ ಇಷ್ಟು ಹೇಳುವೆವು: ಒಂದು ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪನೆಂಬವನು ಸಾಯುತ್ತಾನೆ. ಶವಕ್ಕೆ ಸಂಸ್ಕಾರವನ್ನು ಯಾರು ಮಾಡಬೇಕು, ಮಾಡಬಹುದೋ ಮಾಡಬಾರದೋ ಎಂದು ಪಂಡಿತರು ಶಾಸ್ತ್ರಗ್ರಂಥಗಳನ್ನು ಹುಡುಕುತ್ತ ಕೂಡುತ್ತಾರೆ. ಹೆಣವು ಮನೆಯಲ್ಲಿಯೇ ಕೊಳೆಯುತ್ತದೆ. ಅವನೊಡನಿದ್ದ ಚಂದ್ರಿಯು ಮೊದಲು ತನ್ನ ಆಭರಣಗಳನ್ನು ಬಿಚ್ಚಿಕೊಡುತ್ತಾಳೆ. ಅದರಿಂದಲೂ ಕೆಲಸವಾಗದಿರಲು ಕಡೆಗೆ ರಾತ್ರಿಯಲ್ಲಿ ಒಬ್ಬ ಮುಸಲ್ಮಾನನ ನೆರವಿನಿಂದ ದಹನವನ್ನು ತಾನೇ ಮಾಡಿಸುತ್ತಾಳೆ. ಹೊಣೆಯು ಯಾರದೆಂದು ದೊಡ್ಡವರು ಚರ್ಚಿಸುತ್ತಿರುವಾಗ ಹೊತ್ತು ಮೀರಿಹೋಗುವ ಕಥೆಯದು. ಇದನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

1975ನೇ ಇಸವಿಯ ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿಯನ್ನು ಸಾರಲಾಯಿತು. ನಾವು ಆಗ ಇನ್ನೂ ಹುಟ್ಟಿರಲಿಲ್ಲ. ಪಾಲಕರಲ್ಲಿ ವಯಸ್ಸಾದವರಿಗೆ ಅದರ ನೆನಪಿರುವದು. ಮೀಸಾ ಎಂದು ಕರೆಯಲ್ಪಟ್ಟ ಕಾನೂನಿನ ಮೇರೆಗೆ ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಸೆರೆಯಲ್ಲಿಟ್ಟರು. ಹಾಗೆ ಹಿಡಿದವರ ಮನೆಯವರು ಕೋರ್ಟಿಗೆ ಹೋಗಬಹುದೇ ಎಂಬ ಪ್ರಶ್ನೆಯು ಸುಪ್ರೀಂ ಕೋರ್ಟಿನ ಮುಂದೆ ಬಂತು. ಕಾನೂನು ಮೀರಿ ಒಬ್ಬನ ಪ್ರಾಣವನ್ನೇ ತೆಗೆದರೂ ಆ ಕಾಲದಲ್ಲಿ ಕೋರ್ಟಿನಿಂದ ಪರಿಹಾರವಿಲ್ಲವೆಂದು ಸರಕಾರದ ವಕೀಲರು ಒಪ್ಪಿಕೊಂಡರು. 1976ನೇ ಏಪ್ರಿಲ್ 28ರಂದು ಐವರು ನ್ಯಾಯಾಧೀಶರಲ್ಲಿ ನಾಲ್ವರು ಸರಕಾರದ ಕಡೆಗೆ ತೀರ್ಪನ್ನಿತ್ತರು, ಎಚ್. ಆರ್. ಖನ್ನಾ ಅವರೊಬ್ಬರು ಮಾತ್ರ ಒಪ್ಪಲಿಲ್ಲ. ಈ ತೀರ್ಪು ಬಂದ ನಾಲ್ಕು ದಿನಗಳಿಗೆ, ಅಂದರೆ ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು.

ಕಾರಣವೇನೆಂದರೆ, ಆಗ ತಲೆಮರೆಸಿಕೊಂಡಿದ್ದ ಜಾರ್ಜ್ ಫರ್ನಾಂಡಿಸ್ ಅವರಿಗೆ ಈ ದಂಪತಿಗಳು ಆಪ್ತ ಸ್ನೇಹಿತರು. ಸಿಡಿಮದ್ದನ್ನು ಕೂಡಿಸಿದರೆಂದು ಜಾರ್ಜರ ಮೇಲೆ ಹೊರಿಸಿದ ಬಡೋದಾ ಡೈನಮೈಟ್ ಮೊಕದ್ದಮೆಯಲ್ಲಿ ಇವರ ಕೈಯೂ ಉಂಟೆಂದು ಪೊಲೀಸರು ಶಂಕಿಸಿದರು. ಜಾರ್ಜರನ್ನು ಜೂನ್ ತಿಂಗಳಲ್ಲಿ ಕಲಕತ್ತೆಯಲ್ಲಿ ಹಿಡಿದರು. ಮುಂದೆ ಅವರ ಮೇಲೆಯೂ ಬೇರೆ 24 ಜನರ ಮೇಲೆಯೂ ಆರೋಪಪತ್ರವನ್ನು ಸಲ್ಲಿಸಿದರು. ಅದರಲ್ಲಿ ಸ್ನೇಹಲತಾ ಅವರ ಹೆಸರು ಇರಲಿಲ್ಲ. ಹೆಸರಿಲ್ಲದಿದ್ದರೂ ಬಿಡುಗಡೆಯಾಗಲಿಲ್ಲ.

ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಅವರನ್ನಿಟ್ಟದ್ದು ಒಬ್ಬರಿಗೇ ಇಕ್ಕಟ್ಟಾಗುವ ಕೋಣೆಯಲ್ಲಿ. ಶೌಚಕ್ಕೆ ಒಂದು ತೂತು, ಬಾಗಿಲಿಗೆ ಜಾಲರಿ, ಮಲಗಲು ನೆಲ. ಅವರಿಗೆ ಎಷ್ಟೋ ವರುಷಗಳಿಂದ ದಮ್ಮಿನ ರೋಗವಿತ್ತು.

ಈ ರೋಗವನ್ನು ಮನೆಯಲ್ಲಿ ಕಂಡವರಿಗೆ ನಾವು ಹೇಳಬೇಕಾದದ್ದಿಲ್ಲ, ಕಾಣದವರಿಗಾಗಿ ಹೇಳುವೆವು. ಉಸಿರಿನ ಸಣ್ಣ ನಾಳಗಳು ಬಿಗಿದುಕೊಳ್ಳುವವು. ಒಳಗೆ ಬಾತು ಕಫವು ಕಟ್ಟುವದು. ಒಳಗೆಳೆದ ಗಾಳಿಯು ಹೊರಗೆ ಹೋಗಲಾರದೆ ರೋಗಿಯು ಎದ್ದು ಕುಳಿತು, ಮುಂದಕ್ಕೆ ಬಾಗಿ, ಒಂದೊಂದು ಉಸಿರಿಗೂ ಹೋರಾಡುವನು. ಧೂಳು, ಹೊಗೆ, ತಂಪು, ಮನಸ್ಸಿನ ತಳಮಳ, ಇವು ರೋಗವನ್ನು ಕೆರಳಿಸುವವು. ಬಾಧೆಯು ಹೆಚ್ಚಾಗುವದು ಬಹುಶಃ ರಾತ್ರಿಯಲ್ಲಿ, ಬೆಳಗಿನ ಜಾವದಲ್ಲಿ. ಸಮಯಕ್ಕೆ ಔಷಧವು ಸಿಕ್ಕರೆ ರೋಗಿಯು ಬೆಳಗಾಗುವಷ್ಟರಲ್ಲಿ ಸುಧಾರಿಸಿಕೊಳ್ಳುವದುಂಟು. ತಡವಾದರೆ ಅದೇ ಔಷಧವು ನಾಟುವದಿಲ್ಲ. ಮನೆಯಲ್ಲಿದ್ದವರು ಕಿಟಕಿಯನ್ನು ತೆರೆದಾರು, ಬಿಸಿನೀರು ಕುಡಿದಾರು, ನೆರೆಯವರನ್ನು ಎಬ್ಬಿಸಿ ಗಾಡಿ ಕಟ್ಟಿಸಿಯಾದರೂ ದವಾಖಾನೆಗೆ ಹೋದಾರು. ಸೆರೆಯಲ್ಲಿದ್ದವರು ಏನು ಮಾಡಬೇಕು? ಪಹರೆಯವಳನ್ನು ಕೂಗಬೇಕು. ಅವಳು ಜೈಲರನಿಗೆ ಹೇಳಬೇಕು. ಜೈಲರನು ಡಾಕ್ಟರರಿಗೆ ಹೇಳಬೇಕು. ಹೊರಗಿನ ಆಸ್ಪತ್ರೆಯಾದರೆ ಮೇಲಿನವರ ಅಪ್ಪಣೆಯು ಬರಬೇಕು, ಪೊಲೀಸರ ಕಾವಲು ಬರಬೇಕು. ಕೂಗುವದಕ್ಕೆ ಉಸಿರೇ ಇಲ್ಲದವರ ರೋಗವಿದು!

ಇದನ್ನು ಕಾನೂನು ಮಾಡಿದವರು ಅರಿಯದವರಲ್ಲ. ಬ್ರಿಟಿಷರು 1894ರಲ್ಲಿ ಮಾಡಿದ ಸೆರೆಮನೆಗಳ ಕಾನೂನಿನಲ್ಲಿಯೇ, ಕೈದಿಯು ಡಾಕ್ಟರರನ್ನು ಕಾಣಬೇಕೆಂದರೆ, ಅಥವಾ ಕೇಳದಿದ್ದರೂ ನೋಡುವವರಿಗೆ ಅಸ್ವಸ್ಥನಾಗಿ ಕಂಡರೆ, ಕಾವಲಿನವನು ತಡಮಾಡದೆ ಜೈಲರನಿಗೂ, ಜೈಲರನು ತಡಮಾಡದೆ ವೈದ್ಯರಿಗೂ ತಿಳಿಸತಕ್ಕದ್ದೆಂದು ವಿಧಿಸಿರುವದು. ಪ್ರತಿಯೊಂದು ಸೆರೆಮನೆಯಲ್ಲಿ ರೋಗಿಗಳಿಗೆ ತಕ್ಕ ಸ್ಥಳವಿರತಕ್ಕದ್ದು. ಒಂಟಿ ಕೋಣೆಯಲ್ಲಿ ಒಂದು ದಿನಕ್ಕೆ ಮೇಲ್ಪಟ್ಟು ಇಟ್ಟವರನ್ನು ವೈದ್ಯರು ದಿನಾಲೂ ನೋಡತಕ್ಕದ್ದು. ನಮ್ಮ ರಾಜ್ಯವು 1963ರಲ್ಲಿ ತನ್ನದೇ ಆದ ಸೆರೆಮನೆ ಕಾನೂನನ್ನು ಮಾಡಿಕೊಂಡಿತು. ಇದಕ್ಕೂ ಹಿಂದಿನ ಮಾತಾದರೆ, ಇಂಗ್ಲೆಂಡಿನಲ್ಲಿ ಜಾನ್ ಹಾವರ್ಡ್ ಎಂಬ ಭಕ್ತರು ಊರೂರಿನ ಸೆರೆಮನೆಗಳನ್ನು ಹೊಕ್ಕು ನೋಡಿ, ಗಲ್ಲಿಗಿಂತ ಜೈಲಿನ ಜ್ವರಕ್ಕೇ ಹೆಚ್ಚು ಜನರು ಬಲಿಯಾಗುವದನ್ನು ಕಂಡು, 1777ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದರು. ಅದಕ್ಕೆ ಮೂರು ವರುಷ ಮುಂಚೆಯೇ ಅಲ್ಲಿ ಕೈದಿಗಳ ಆರೋಗ್ಯಕ್ಕಾಗಿ ಕಾನೂನಾಗಿತ್ತು. ಹೀಗೆ 1976ರಲ್ಲಿ ಯಾರೂ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿರಲಿಲ್ಲ. ಬೀಗ ಹಾಕಿದವರು ರೋಗಿಯ ಕಾಲನ್ನು ಕಿತ್ತುಕೊಂಡಿರುವರು. ಆ ಕಾಲಿನ ಕೆಲಸವನ್ನು ಅವರೇ ಮಾಡಿಕೊಡಬೇಕು. ಇದು ದಯೆಯಲ್ಲ, ಸಾಲ.

ಆ ಸಾಲವು ಸ್ನೇಹಲತಾ ಅವರಿಗೆ ಸಲ್ಲಲಿಲ್ಲ. ರೋಗಕ್ಕೆ ತಕ್ಕ ನಿಯತವಾದ ಚಿಕಿತ್ಸೆಯು ಅವರಿಗೆ ದೊರೆಯದೆ ಹೋಯಿತು. ಅದೇ ಸೆರೆಮನೆಯ ಇನ್ನೊಂದು ಭಾಗದಲ್ಲಿ, ಮುಂದೆ ರೇಲ್ವೆ ಮಂತ್ರಿಗಳಾದ ಮಧು ದಂಡವತೆಯವರು ಬಂಧನದಲ್ಲಿದ್ದರು. ರಾತ್ರಿಯ ನಿಶ್ಶಬ್ದದಲ್ಲಿ ಈಕೆಯ ನರಳಾಟದ ಕೂಗು ತಮಗೆ ಕೇಳಿ ಬರುತ್ತಿದ್ದುದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿರುವರು. ಗೋಡೆಯಾಚೆಯವರಿಗೆ ಕೇಳಿಸಿದ್ದು ಬಾಗಿಲ ಬಳಿಯಲ್ಲಿದ್ದವರಿಗೆ ಕೇಳಿಸಲಿಲ್ಲವೆಂದು ನಾವು ನಂಬಲಾರೆವು.

ಇಷ್ಟಾದರೂ ಅವರು ತಮ್ಮ ಸಂಕಟವನ್ನಷ್ಟೇ ಎಣಿಸುತ್ತ ಕೂಡಲಿಲ್ಲ. ಸೆರೆಯಲ್ಲಿ ಒಂದು ದಿನಚರಿಯನ್ನು ಬರೆದರು. ಹೊಸದಾಗಿ ಬಂದ ಹೆಂಗಸರನ್ನು ಎಲ್ಲರೆದುರಿಗೆ ಬಟ್ಟೆ ಕಳೆಯಿಸಿ ತಪಾಸು ಮಾಡುವ ಅಪಮಾನದ ಪದ್ಧತಿಯನ್ನು ಅದರಲ್ಲಿ ಖಂಡಿಸಿರುವರು. ಬಡ ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಹೊಡೆತವನ್ನು ಪ್ರತಿಭಟಿಸಿ ನಿಲ್ಲಿಸಿದರು. ಅವರ ಊಟವನ್ನು ಸುಧಾರಿಸಿದರು. ಅಲ್ಲಿಯ ಹೆಂಗಸರಿಗೆ ವಕೀಲರಿಲ್ಲ, ಪತ್ರಿಕೆಗಳಿಲ್ಲ, ಹೆಸರಾದ ಪತಿಯಿಲ್ಲ. ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ಭಾಗವು ಇದೇ. ದಮ್ಮಿನಿಂದ ನಾಲ್ಕು ಹೆಜ್ಜೆ ನಡೆಯಲಾರದವರು ಬೇರೆಯವರ ರೊಟ್ಟಿಗಾಗಿ ವಾದಿಸಿದರು.

ಇಲ್ಲಿ ಕಸ್ತೂರಬಾ ಅವರ ನೆನಪಾಗುವದು. 1944ರಲ್ಲಿ ಪುಣೆಯ ಆಗಾಖಾನ ಅರಮನೆಯ ಬಂಧನದಲ್ಲಿ ಅವರು ಹಾಸಿಗೆ ಹಿಡಿದಾಗ, ಅವರು ಬಯಸಿದ ವೈದ್ಯರನ್ನು ಕರೆಸಲು ಗಾಂಧೀಜಿಯವರು ಸರಕಾರಕ್ಕೆ ಕಾಗದದ ಮೇಲೆ ಕಾಗದ ಬರೆಯಬೇಕಾಯಿತು. ಅಪ್ಪಣೆ ಬಂದ ಬಳಿಕವೂ ಆಯುರ್ವೇದದ ಪಂಡಿತರು ರಾತ್ರಿಯಲ್ಲಿ ಒಳಗೆ ಇರುವಂತಿರಲಿಲ್ಲ. ಆದ್ದರಿಂದ ಅವರು ಬಾಗಿಲಿನ ಹೊರಗೆ ತಮ್ಮ ಮೋಟಾರಿನಲ್ಲಿಯೇ ಮಲಗಿ, ಕರೆ ಬಂದಾಗ ಒಳಗೆ ಹೋಗುತ್ತಿದ್ದರು. ಫೆಬ್ರುವರಿ 22ರಂದು ಬಾ ಅವರು ತೀರಿಕೊಂಡರು. ಅಂದು ಆಳಿದವರು ಪರರು. ಬೆಂಗಳೂರಿನಲ್ಲಿ ಬೀಗದ ಕೈಯನ್ನು ಹಿಡಿದವರು ನಮ್ಮವರೇ.

1976ರ ಕೊನೆಗೆ ಸ್ನೇಹಲತಾ ಅವರ ದೇಹವು ಪೂರಾ ಇಳಿದುಹೋಯಿತು. ಪುಪ್ಪುಸಕ್ಕೂ ರೋಗವು ತಗಲಿತು. ಇನ್ನು ಉಳಿಯಲಾರರೆಂಬ ಸ್ಥಿತಿಯಲ್ಲಿ 1977ನೇ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಹೊರಗೆ ಕಳುಹಿಸಿದರು. ಪತಿಯೂ ಮಕ್ಕಳೂ ಅವರನ್ನು ಮನೆಗೆ ಕರೆತಂದರು. 18ರಂದು ಪ್ರಧಾನ ಮಂತ್ರಿಗಳಾದ ಇಂದಿರಾ ಗಾಂಧಿಯವರು ಚುನಾವಣೆಯನ್ನು ಸಾರಿದರು. ದೊಡ್ಡ ದೊಡ್ಡ ಮುಖಂಡರ ಸೆರೆಯ ಬಾಗಿಲುಗಳು ತೆರೆದವು. 20ರಂದು ಸ್ನೇಹಲತಾ ಅವರು ಪ್ರಾಣ ಬಿಟ್ಟರು. ಆಗ ಅವರಿಗೆ ಸುಮಾರು ನಮಗೀಗಿರುವ ವಯಸ್ಸು. ಎಂಟು ತಿಂಗಳ ಬಂಧನದಲ್ಲಿ ಅವರನ್ನು ಒಂದು ದಿನವೂ ವಿಚಾರಣೆಗೆ ನಿಲ್ಲಿಸಲಿಲ್ಲ.

ಅದೇ ವರುಷ ಅವರ ದಿನಚರಿಯು ಪುಸ್ತಕವಾಗಿ ಹೊರಬಂತು. ತುರ್ತು ಪರಿಸ್ಥಿತಿಯ ಅನ್ಯಾಯಗಳನ್ನು ವಿಚಾರಿಸಲು ನ್ಯಾಯಮೂರ್ತಿ ಜೆ. ಸಿ. ಶಾಹ ಅವರ ಆಯೋಗವನ್ನೂ ಅದೇ ವರುಷ ನೇಮಿಸಿದರು. ಅದು ಸೆರೆಮನೆಗಳ ಸ್ಥಿತಿಯನ್ನೂ ಪರೀಕ್ಷಿಸಿತು. ಮೇಲೆ ಹೇಳಿದ ಏಪ್ರಿಲ್ 28ರ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ 2017ರಲ್ಲಿ ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೆಂಬದು ಕನ್ನಡಿಗರಿಗೆ ಸಂತೋಷದ ವಿಷಯ. 2015ರಲ್ಲಿ ವಿಶ್ವಸಂಸ್ಥೆಯವರು ನೆಲ್ಸನ್ ಮಂಡೇಲರ ಹೆಸರಿನಿಂದ ಮಾಡಿದ ನಿಯಮಗಳಲ್ಲಿ, ಹೊರಗಿನ ಜನರಿಗೆ ಸಿಗುವಂಥ ವೈದ್ಯೋಪಚಾರವೇ ಕೈದಿಗಳಿಗೂ ಸಿಗತಕ್ಕದ್ದು, ತುರ್ತಾದಾಗ ಕೂಡಲೇ ಸಿಗತಕ್ಕದ್ದು ಎಂದಿರುವದು. ಪಾಲಕರು ತಿಳಿದಿರಬೇಕಾದ ಒಂದು ಮಾತುಂಟು: ಈಗಿನ ಕಾನೂನಿನಂತೆ ಯಾರನ್ನೇ ಬಂಧಿಸಿದರೂ ಕೂಡಲೇ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಹೆಂಗಸಾದರೆ ಹೆಣ್ಣು ವೈದ್ಯರೇ ಪರೀಕ್ಷಿಸಬೇಕು, ಇಲ್ಲವೆ ಅವರ ಕಣ್ಣೆದುರಿಗೆ ಆಗಬೇಕು. ಸೆರೆಯಲ್ಲಿದ್ದವರಿಗೆ ವಕೀಲರನ್ನಿಡುವ ಶಕ್ತಿಯಿಲ್ಲದಿದ್ದರೆ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರದವರು ವೆಚ್ಚವಿಲ್ಲದೆ ಕೊಡುವರು. ನಿತ್ಯ ಔಷಧ ತೆಗೆದುಕೊಳ್ಳುವವರನ್ನು ಹಿಡಿದೊಯ್ದರೆ ಮನೆಯವರು ಡಾಕ್ಟರರ ಚೀಟಿಯನ್ನು ಅಂದೇ ಮ್ಯಾಜಿಸ್ಟ್ರೇಟರ ಮುಂದಿಡುವದು ಒಳ್ಳೆಯದು; ನಾಳೆಗೆ ಬಿಡಬಾರದು.

ಬೆಂಗಳೂರಿನ ಆ ಹಳೆಯ ಸೆರೆಮನೆಯು ಈಗ ಪರಪ್ಪನ ಅಗ್ರಹಾರಕ್ಕೆ ಹೋಗಿರುವದು. ಶೇಷಾದ್ರಿ ರಸ್ತೆಯಲ್ಲಿದ್ದ ಅದರ ಸ್ಥಳವು 2008ರಿಂದ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಗಿದೆ. ಪಹರೆಯ ಗೋಪುರವೂ ಕೆಲವು ಹಳೆಯ ಕಟ್ಟಡಗಳೂ ಇನ್ನೂ ನಿಂತಿರುವವು. ವಿಧಾನಸೌಧವನ್ನೂ ಕಬ್ಬನ್ ಉದ್ಯಾನವನ್ನೂ ನೋಡಲು ಹೋಗುವ ನಮ್ಮ ಹುಡುಗಿಯರ ಪ್ರವಾಸದಲ್ಲಿ ಈ ಸ್ಥಳವನ್ನೂ ಸೇರಿಸಬೇಕೆಂದು ನಿಶ್ಚಯಿಸಿರುವೆವು.