ಕಾಲುವೆಯ ಕೊನೆಯ ಊರಿನಿಂದ ವಿಶ್ವೇಶ್ವರಯ್ಯನವರನ್ನು ನೋಡಿದರೆ

ಸೆಪ್ಟೆಂಬರ್ 15 ಬಂತೆಂದರೆ ವಾಟ್ಸಾಪ್ ತುಂಬ ಮೈಸೂರು ಪೇಟ ತೊಟ್ಟ ಅದೇ ಫೋಟೊ. ಜೊತೆಗೆ ಎರಡು ಮೇಣದಬತ್ತಿಯ ಕಥೆ, ರೈಲಿನ ಸದ್ದು ಕೇಳಿಯೇ ಹಳಿ ಮುರಿದಿದೆ ಅಂತ ಕಂಡುಹಿಡಿದ ಕಥೆ. ಇವು ನಿಜವೋ ಅಲ್ಲವೋ ಅಂತ ಯಾರೂ ಕೇಳಲ್ಲ. ನಾನೂ ಇಂಜಿನಿಯರಿಂಗ್ ಓದಿದವನು, ನನ್ನ ಪದವಿ ಪತ್ರದ ಮೇಲಿರುವುದು ಅವರ ಹೆಸರಿನದೇ ವಿಶ್ವವಿದ್ಯಾಲಯ. ಆದರೆ ಚಳ್ಳಕೆರೆ ಕಡೆಯವನಾಗಿ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಕುತೂಹಲ ಹುಟ್ಟಿಸಿದ್ದು ಈ ಕಥೆಗಳಲ್ಲ. ಕಾಲುವೆಯ ನೀರು ಮೇಲ್ಭಾಗದವರಿಗೇ ಮುಗಿದುಹೋಗಬಾರದು, ಕೊನೆಯ ಊರಿಗೂ ಮುಟ್ಟಬೇಕು ಎಂದು ಅವರು ಹಾಕಿದ ಲೆಕ್ಕ.

ನಮ್ಮದು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಚಳ್ಳಕೆರೆಯ ಶೇಂಗಾ, ಎಣ್ಣೆ ಗಿರಣಿ, ಮೊಳಕಾಲ್ಮುರಿನ ರೇಷ್ಮೆ ಸೀರೆ ಎಲ್ಲರಿಗೂ ಗೊತ್ತು. ನೀರು ಮಾತ್ರ ಯಾವಾಗಲೂ ಬೇರೆಯವರ ಕಡೆಯಿಂದಲೇ ಬರಬೇಕು. ಜಿಲ್ಲೆಯ ದೊಡ್ಡ ಅಣೆಕಟ್ಟು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ. ಅದು ವಿಶ್ವೇಶ್ವರಯ್ಯನವರದ್ದಲ್ಲ, 1907ರಲ್ಲಿ ಅದರ ಕೆಲಸ ಮುಗಿದಾಗ ಅವರಿನ್ನೂ ಬಾಂಬೆ ಸರ್ಕಾರದ ನೌಕರಿಯಲ್ಲಿದ್ದರು. 1933ರಲ್ಲಿ ತುಂಬಿದ ಆ ಜಲಾಶಯ ಮತ್ತೆ ತುಂಬಿದ್ದು 2022ರಲ್ಲಿ. ಅಣೆಕಟ್ಟು ಕಟ್ಟಿದ ಮಾತ್ರಕ್ಕೆ ನೀರು ಬರಲ್ಲ ಎಂಬುದು ನಮ್ಮವರಿಗೆ ಹೀಗೆ ಅನುಭವದಿಂದಲೇ ಗೊತ್ತು. ಬಂದ ಅಷ್ಟಿಷ್ಟು ನೀರನ್ನು ಯಾರಿಗೆ, ಎಷ್ಟು ಕೊಡಬೇಕು ಅನ್ನೋದೇ ಇಲ್ಲಿಯ ದೊಡ್ಡ ಪ್ರಶ್ನೆ.

ವಿಶ್ವೇಶ್ವರಯ್ಯ ಹುಟ್ಟಿದ್ದು ಇಂಥದೇ ಬಯಲುಸೀಮೆಯ ಹಳ್ಳಿಯಲ್ಲಿ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ. ಹುಟ್ಟಿದ ವರ್ಷ 1861 (1860 ಅಂತಲೂ ಹೇಳ್ತಾರೆ). ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಹೈಸ್ಕೂಲು ವಯಸ್ಸಿನಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಲ್ಲಿ, ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಆಮೇಲೆ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿಸಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮನೆಯಲ್ಲಿ ಬಡತನವಿತ್ತು, ನಿಜ. ಆದರೆ ಮನೆಯಲ್ಲಿ ಅಕ್ಷರವಿತ್ತು, ಬೆಂಗಳೂರಿನಲ್ಲಿ ಮಾವನ ಮನೆಯಿತ್ತು, ಕೊನೆಗೆ ಸರ್ಕಾರದ ದುಡ್ಡೂ ಇತ್ತು.

1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ್ದು, ಪುಣೆಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ವಿನ್ಯಾಸ ಮಾಡಿದ ಸ್ವಯಂಚಾಲಿತ ಗೇಟುಗಳನ್ನು ಹಾಕಿದ್ದು ಈ ಕಾಲದಲ್ಲಿ. ಪಠ್ಯಪುಸ್ತಕಗಳು ಗೇಟಿನ ಬಗ್ಗೆ ಹೇಳುತ್ತವೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಅವರ 'ಬ್ಲಾಕ್ ಪದ್ಧತಿ'.

1899ರ ಸುಮಾರಿಗೆ ಪುಣೆ ಜಿಲ್ಲೆಯ ನೀರಾ ಕಾಲುವೆಯಲ್ಲಿದ್ದ ಸಮಸ್ಯೆ ಇವತ್ತು ಯಾವ ಕಾಲುವೆಗೆ ಹೋದರೂ ಕಾಣುವಂಥದ್ದೇ. ಮೇಲ್ಭಾಗದ ರೈತರು ಬೇಕಾದಷ್ಟು ನೀರೆತ್ತಿ ಕಬ್ಬು ಹಾಕ್ತಾರೆ, ಅವರ ಭೂಮಿ ಜೌಗು ಹಿಡಿಯುತ್ತೆ, ಕೊನೆ ಭಾಗದವರ ಹೊಲ ಒಣಗುತ್ತೆ. ವಿಶ್ವೇಶ್ವರಯ್ಯ ಮಾಡಿದ್ದಿಷ್ಟು: ಕಾಲುವೆಯುದ್ದಕ್ಕೂ ಹಳ್ಳಿಗಳ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಬ್ಲಾಕಿನಲ್ಲಿ ಒಂದು ಪಾಲು ಮಾತ್ರ ಕಬ್ಬು, ಉಳಿದ ಪಾಲಿಗೆ ಕಡಿಮೆ ನೀರಿನ ಬೆಳೆ, ಮೂರು ವರ್ಷಕ್ಕೊಮ್ಮೆ ಸರದಿ ಬದಲು. ನೀರು ಹೆಚ್ಚು ಹಳ್ಳಿಗಳಿಗೆ ಹರಡಬೇಕು ಎಂಬುದು ಗುರಿ. ಮೊದಲಿಗೆ ಇದನ್ನು ವಿರೋಧಿಸಿದವರು ಹೆಚ್ಚು ನೀರು ಬಳಸುತ್ತಿದ್ದವರೇ. ಮೊದಲು ಬಂದವರು, ಬಲ ಇದ್ದವರು ಎಲ್ಲವನ್ನೂ ಬಳಸಿಕೊಳ್ಳುವ ವ್ಯವಸ್ಥೆಗೆ ನಿಯಮದ ಮೂಲಕ ಮಿತಿ ಹಾಕಿದರು ಅವರು. ಇದು ಸಿವಿಲ್ ಇಂಜಿನಿಯರಿಂಗೂ ಹೌದು, ರಾಜಕೀಯವೂ ಹೌದು.

1908ರಲ್ಲಿ ಬಾಂಬೆ ನೌಕರಿ ಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತ್ತು. ನಿಜಾಮ ಸರ್ಕಾರ ಕರೆಸಿಕೊಂಡಿತು, ಪ್ರವಾಹ ತಡೆಗೆ ಜಲಾಶಯಗಳ ಯೋಜನೆ ಕೊಟ್ಟರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದು ನಿಂತಿದ್ದು ಆ ಯೋಜನೆಯಿಂದಲೇ. 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, 1912ರಲ್ಲಿ ದಿವಾನರಾದರು. ಮುಂದಿನ ಆರು ವರ್ಷಗಳ ಪಟ್ಟಿ ನೋಡಿದರೆ ಉಸಿರು ಕಟ್ಟುತ್ತೆ: 1913ರಲ್ಲಿ ಮೈಸೂರು ಬ್ಯಾಂಕ್ ಮತ್ತು ಪ್ರಾಥಮಿಕ ಶಿಕ್ಷಣದ ಕಾನೂನು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು.

ಸಂಸಾರದ ವಿಷಯದಲ್ಲಿ ಅವರದು ಒಂಟಿ ಬದುಕು. ಮಡದಿಯನ್ನು ಬೇಗ ಕಳೆದುಕೊಂಡರು, ಮಕ್ಕಳಿರಲಿಲ್ಲ. ತಾಯಿಯ ಬಗ್ಗೆ, ಬಂಧುಗಳ ಬಗ್ಗೆ ಪ್ರೀತಿ ಇತ್ತು. ಆದರೆ ದಿವಾನಗಿರಿ ಒಪ್ಪುವ ಮುಂಚೆ, ಶಿಫಾರಸು ಕೇಳಿಕೊಂಡು ಯಾರೂ ಬರಕೂಡದು ಅಂತ ಮನೆಯವರಿಂದ ಮಾತು ತಗೊಂಡರು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಮಗ, ಸೊಸೆ, ಅಳಿಯನಿಗೆ ಟಿಕೆಟ್ ಹಂಚುವ ಕಾಲದಲ್ಲಿ ಇದನ್ನು ಓದಿದರೆ ಗೌರವ ಬರದೇ ಇರಲ್ಲ.

ಆದರೆ ಕಥೆ ಇಲ್ಲಿಗೇ ನಿಲ್ಲಲ್ಲ. ಆಗ ಮೈಸೂರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಬ್ರಾಹ್ಮಣರದೇ ಮೇಲುಗೈ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಬ್ರಾಹ್ಮಣೇತರರ ಪಾಲು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯ ಒಪ್ಪಲಿಲ್ಲ. ಯೋಗ್ಯತೆ ನೋಡಿ ನೇಮಕ ಮಾಡಬೇಕು, ಹಿಂದುಳಿದವರಿಗೆ ಶಿಕ್ಷಣ ಕೊಟ್ಟರೆ ಸಾಕು, ಹುದ್ದೆ ಮೀಸಲಿಟ್ಟರೆ ಆಡಳಿತ ಕುಸಿಯುತ್ತೆ ಎಂಬುದು ಅವರ ನಿಲುವು. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಸಮಿತಿಯ ಶಿಫಾರಸು 1921ರಲ್ಲಿ ಜಾರಿಗೆ ಬಂತು.

ಅವರನ್ನು ಜಾತಿವಾದಿ ಅಂತ ಒಂದೇ ಮಾತಲ್ಲಿ ಮುಗಿಸುವುದು ಸುಲಭ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ತಮ್ಮವರಿಗೆ ಉಪಕಾರ ಮಾಡಿಕೊಳ್ಳಲು ನಿಂತ ಮನುಷ್ಯ ಅವರಲ್ಲ, ಅದಕ್ಕೇ ಈ ಪ್ರಶ್ನೆ ಗಂಭೀರ. ನೀರಾ ಕಾಲುವೆಯಲ್ಲಿ ಮೇಲ್ಭಾಗದವರು ತಮ್ಮ ಜಾಣತನದಿಂದಷ್ಟೇ ಕಬ್ಬು ಬೆಳೀತಿಲ್ಲ, ತೂಬಿನ ಪಕ್ಕ ಇರೋದರಿಂದ ಬೆಳೀತಿದ್ದಾರೆ ಅಂತ ಕಂಡುಕೊಂಡ ಕಣ್ಣಿಗೆ, ಅಕ್ಷರವಿದ್ದ ಮನೆ ಕೂಡ ತೂಬಿನ ಪಕ್ಕದ ಹೊಲವೇ ಅನ್ನೋದು ಯಾಕೆ ಕಾಣಲಿಲ್ಲ? ಅವರನ್ನು ಪುಣೆಗೆ ಕಳಿಸಿದ ವಿದ್ಯಾರ್ಥಿವೇತನದ ಬಾಗಿಲಿನವರೆಗೆ ಬರುವುದಕ್ಕೇ ನಮ್ಮ ಕಡೆಯ ಮ್ಯಾಸಬೇಡರ, ಕಾಡುಗೊಲ್ಲರ, ಮಾದಿಗರ ಹಟ್ಟಿಗಳಿಂದ ಎಷ್ಟು ದೂರ ನಡೆಯಬೇಕಿತ್ತು? ಪ್ರತಿಭೆಯನ್ನು ಅಳೆಯುವಾಗ ಈ ದೂರ ಅವರ ಲೆಕ್ಕಕ್ಕೆ ಸಿಗಲಿಲ್ಲ.

ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. 1920ರ ದಶಕದಲ್ಲಿ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ದಾರಿಗೆ ತಂದರು. 1934ರಲ್ಲಿ, ಯೋಜನಾ ಆಯೋಗದ ಕಲ್ಪನೆಯೂ ಇಲ್ಲದ ಕಾಲಕ್ಕೆ, ದೇಶಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು. ನೂರು ದಾಟಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇವತ್ತು ಚಳ್ಳಕೆರೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ತಾಲ್ಲೂಕಿನ ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿಯ ಹಟ್ಟಿಯಿಂದ ಇಂಜಿನಿಯರ್ ಆದ ಹುಡುಗಿಯ ಹಿಂದೆ ವಿಶ್ವೇಶ್ವರಯ್ಯ ಹಾಕಿದ ತಾಂತ್ರಿಕ ಶಿಕ್ಷಣದ ಬುನಾದಿಯೂ ಇದೆ, ಅವರು ವಿರೋಧಿಸಿದ ಮೀಸಲಾತಿಯೂ ಇದೆ. ಒಂದನ್ನು ಹೊಗಳಿ ಇನ್ನೊಂದನ್ನು ಬಯ್ಯುವವರಿಗೆ ಆಕೆಯ ಬದುಕೇ ಅರ್ಥವಾಗಲ್ಲ.

ನೀರಿನ ಕಥೆಯೂ ಮುಗಿದಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತು, ಆ ದುಡ್ಡಿನ ಜಗಳ ವರ್ಷಗಟ್ಟಲೆ ನಡೆಯಿತು. ನೀರು ಬಂದ ದಿನವೂ ಕೊನೆಯ ಕೆರೆಗೆ ಎಷ್ಟು ಮುಟ್ಟಿತು ಅಂತ ಕೇಳುವವರು ಬೇಕು. ನೀರಾ ಕಾಲುವೆಯ ಮೇಲೆ ನಿಂತ ಆ ಯುವ ಇಂಜಿನಿಯರ್ ಕೇಳಿದ್ದೂ ಅದನ್ನೇ. ಫೋಟೊಗೆ ಹಾರ ಹಾಕುವ ಬದಲು, ನೀರಿನ ಬಗ್ಗೆ ಅವರು ಕೇಳಿದ ಪ್ರಶ್ನೆಯನ್ನು ಸೀಟು, ಹುದ್ದೆ, ಅಧಿಕಾರದ ಬಗ್ಗೆಯೂ ಕೇಳೋಣ.