ಕಬ್ಬಿಣದ ನೇಗಿಲು ಕೊಟ್ಟ ಲಕ್ಷ್ಮಣರಾಯರು



ಹುಲ್ಲಹಳ್ಳಿಯ ನಾಲೆಯಲ್ಲಿ ಕಪಿಲೆಯ ನೀರು ಹರಿಯುವಷ್ಟು ದಿನ ಡೀಸೆಲ್ ಪಂಪಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾಲೆ ನಿಂತ ಮೇಲೆ ಹ್ಯಾಂಡಲ್ ಹಾಕಿದರೆ ಇಂಜಿನ್ ಅಲುಗುವುದಿಲ್ಲ. ಸಿಲಿಂಡರಿಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಂಡಿರುತ್ತದೆ. ಅದನ್ನು ಗುಜರಿಗೆ ಹಾಕುವ ಮುನ್ನ, ಅಂಥ ಎಷ್ಟೋ ಇಂಜಿನ್‌ಗಳ ಮೇಲೆ ಯಾರ ಮನೆತನದ ಹೆಸರಿದೆಯೋ ಆ ಹಿರಿಯರ ಕಥೆ ಕೇಳಿ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ನಾಡಿನಲ್ಲೇ ಹುಟ್ಟಿದವರು. 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನನ. ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಆದರೆ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಹಿಡಿದರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಕಲಿಸುವ ಮೇಷ್ಟರಾದರು. ತಮಗೆ ಬರಬೇಕಾದ ಬಡ್ತಿ ಬೇರೆಯವರ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣ ರಾಮಣ್ಣನವರ ಜೊತೆ ಸೈಕಲ್ ಅಂಗಡಿ ನಡೆಸಿ, ಕೊಂಡವರಿಗೆ ಸವಾರಿಯನ್ನೂ ಕಲಿಸಿದರು.

ಅವರ ಮನಸ್ಸು ಮಾತ್ರ ಬೇಸಾಯದ ಕಡೆಗಿತ್ತು. ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ರೈತರು ಹತ್ತಿರ ಸೇರಿಸಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂಬುದು ಆಗಿನ ನಂಬಿಕೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎನ್ನುತ್ತಾರೆ. ರಾಯರು ಕೈಚೆಲ್ಲಲಿಲ್ಲ. ವ್ಯಾಪಾರ ಕುದುರುವ ಹೊತ್ತಿಗೆ ಊರಿನ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವೇ ಹೋಯಿತು. ಆಗ ಔಂಧ್ ಸಂಸ್ಥಾನದ ರಾಜರು ಸಾಲವನ್ನೂ ಜಾಗವನ್ನೂ ಕೊಟ್ಟರು. ಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ 32 ಎಕರೆ ಬರಡು ಭೂಮಿ ಅದು. 1910ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಅಲ್ಲಿ ಹೊಸದಾಗಿ ಶುರುಮಾಡಿದರು. ಅದೇ ಕಿರ್ಲೋಸ್ಕರವಾಡಿ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆ ಕೊಡಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರನ್ನೇ ರಾತ್ರಿ ಕಾವಲಿಗೆ ಇಟ್ಟರು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ ಹುಟ್ಟಿದವು. ಮಗ ಶಂತನುರಾಯರು ಕೆಲಸ ಮುಂದುವರಿಸಿದರು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು.

ಈಗ ನಿಮ್ಮ ಪಂಪ್ ಶೆಡ್ಡಿಗೆ ಬನ್ನಿ. ರಾಯರ ತಾಳ್ಮೆ ಇಲ್ಲೂ ಬೇಕು. ಪಿಸ್ಟನ್ ಕಚ್ಚಿಕೊಂಡರೆ ಸುತ್ತಿಗೆ ಎತ್ತಬೇಡಿ. ಹೆಡ್ ಬಿಚ್ಚಿ, ಡೀಸೆಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಸುರಿದು ಒಂದೆರಡು ದಿನ ನೆನೆಯಲು ಬಿಡಿ. ಆಮೇಲೆ ಫ್ಲೈವೀಲನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಬಿಟ್ಟುಕೊಂಡ ಮೇಲೆ ಪಿಸ್ಟನ್ ಹೊರತೆಗೆದು, ತುಕ್ಕನ್ನು ಎಣ್ಣೆ ಹಚ್ಚಿದ ನಯವಾದ ಎಮರಿ ಕಾಗದದಿಂದ ಉಜ್ಜಿ ಒರೆಸಿ. ಉಗುರಿಗೆ ಗೀರು ತಗುಲಿದರೆ ಲೈನರನ್ನು ಮೆಕ್ಯಾನಿಕ್‌ಗೆ ತೋರಿಸಿ. ಜೋಡಿಸುವ ಮುನ್ನ ಕೆಳಗಿನ ಹಳೆಯ ಆಯಿಲನ್ನೂ ಬದಲಿಸಿ.

ಮರ ಕೊಯ್ಯುವ ಚೈನ್ ಸಾ ಯಂತ್ರದ ಸಂಗತಿ ಬೇರೆ. ಪೆಟ್ರೋಲಿಗೆ ಆಯಿಲ್ ಬೆರೆಸಲು ಮರೆತರೆ ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಸಿಲಿಂಡರಿನ ಗಟ್ಟಿ ಲೇಪನಕ್ಕೆ ಅಂಟುತ್ತದೆ. ಇದನ್ನು ಎಮರಿ ಕಾಗದದಿಂದ ನಿಧಾನವಾಗಿ ಉಜ್ಜಿಯೇ ತೆಗೆಯಬಹುದು. ಕೆಲವರು ಆ ಕಲೆಗೆ ಮಾತ್ರ ಹತ್ತಿಯಲ್ಲಿ ಆಸಿಡ್ ಮುಟ್ಟಿಸಿ ತೆಗೆದು, ಅಡುಗೆ ಸೋಡದ ನೀರಿನಲ್ಲಿ ತೊಳೆಯುತ್ತಾರೆ. ಲೇಪನ ಎದ್ದಿದ್ದರೆ, ರಂಧ್ರಗಳ ಅಂಚಿಗೆ ತಾಗಿದರೆ ಆಸಿಡ್ ಸಿಲಿಂಡರನ್ನೇ ತಿನ್ನುತ್ತದೆ. ಕಣ್ಣು, ಕೈಗೂ ಅಪಾಯ. ಡೀಸೆಲ್ ಇಂಜಿನ್ನಿನ ಬೀಡುಕಬ್ಬಿಣದ ಲೈನರಿಗಂತೂ ಆಸಿಡ್ ಮುಟ್ಟಿಸಲೇ ಬೇಡಿ. ಲೇಪನ ಸರಿಯಿದ್ದರೆ ಹೊಸ ಪಿಸ್ಟನ್, ರಿಂಗು ಸಾಕು.

ನಾಲೆಯಲ್ಲಿ ನೀರಿದ್ದಾಗಲೂ ಹದಿನೈದು ದಿನಕ್ಕೊಮ್ಮೆ ಇಂಜಿನ್ ಓಡಿಸಿ. ಕಬ್ಬಿಣ ಹೊಲಕ್ಕೆ ವಿಷವಲ್ಲವೆಂದು ರಾಯರು ತೋರಿಸಿಕೊಟ್ಟರು. ತುಕ್ಕು ಮಾತ್ರ ಕಬ್ಬಿಣಕ್ಕೆ ವಿಷವೇ.