ಅಡುಗೆಮನೆಯಲ್ಲೇ ದೇವರ ಜೊತೆ ಬಾಳಿದ ಬ್ರದರ್ ಲಾರೆನ್ಸ್

ದೇವರು ಕ್ರೈಸ್ತನಿಂದ ದಿನನಿತ್ಯ ಏನನ್ನು ಬಯಸುತ್ತಾನೆ? ಪೂಜೆಗೆ ಹೋಗಬೇಕು, ಜಪಸರ ಹೇಳಬೇಕು, ಉಪವಾಸ ಮಾಡಬೇಕು, ದಾನ ಕೊಡಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಎಲ್ಲವೂ ಸರಿಯೇ. ಆದರೆ ಹನ್ನೆರಡು ಗಂಟೆ ಡ್ಯೂಟಿ ಮಾಡಿ, ಶುಕ್ರವಾರವೂ ರಜೆ ಸಿಗದೆ, ಇಗರ್ಜಿಗೆ ಹೋಗಲು ಗಾಡಿ ಇಲ್ಲದೆ ಕ್ಯಾಂಪಿನಲ್ಲೇ ಉಳಿಯುವವನು ಏನು ಮಾಡಬೇಕು? ಎರಡು ಮಕ್ಕಳನ್ನು ಶಾಲೆಗೆ ಕಳಿಸಿ, ತಾನೂ ಆಸ್ಪತ್ರೆ ಡ್ಯೂಟಿಗೆ ಓಡುವ ನರ್ಸ್ ತಾಯಿಗೆ ಮೊಣಕಾಲೂರಲು ಹೊತ್ತೆಲ್ಲಿದೆ? ಇಂಥವರ ದಿನದಲ್ಲಿ ದೇವರಿಗೆ ಜಾಗವೇ ಇಲ್ಲವೇ?

ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟವರು ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದೆ ಪ್ಯಾರಿಸಿನ ಒಂದು ಮಠದಲ್ಲಿದ್ದ, ಕುಂಟುತ್ತಲೇ ಓಡಾಡುತ್ತಿದ್ದ ಒಬ್ಬ ಅಡುಗೆಯವರು. ಜಗತ್ತು ಅವರನ್ನು ಬ್ರದರ್ ಲಾರೆನ್ಸ್ ಅಂತ ಕರೆಯುತ್ತದೆ.

ಬೋಳು ಮರ ಕಲಿಸಿದ ಪಾಠ

ಅವರ ಮನೆಯವರು ಇಟ್ಟ ಹೆಸರು ನಿಕೊಲಾ ಹೆರ್ಮನ್. ಈಗ ಫ್ರಾನ್ಸ್ ದೇಶಕ್ಕೆ ಸೇರಿರುವ ಲೊರೇನ್ ಸೀಮೆಯ ಒಂದು ಹಳ್ಳಿಯಲ್ಲಿ 1614ರ ಸುಮಾರಿಗೆ ಹುಟ್ಟಿದರು. ಓದು ಹೆಚ್ಚಿಲ್ಲ, ಆಸ್ತಿಪಾಸ್ತಿ ಇಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಒಂದು ಚಳಿಗಾಲ ಎಲೆಯೆಲ್ಲ ಉದುರಿ ಬೋಳಾಗಿ ನಿಂತಿದ್ದ ಒಂದು ಮರವನ್ನು ಕಂಡರು. ಸ್ವಲ್ಪ ದಿನ ಹೋದರೆ ಇದೇ ಮರ ಚಿಗುರುತ್ತದೆ, ಹೂ ಬಿಡುತ್ತದೆ, ಹಣ್ಣೂ ಕೊಡುತ್ತದೆ ಅನ್ನೋ ವಿಚಾರ ಅವರ ಮನಸ್ಸಿಗೆ ಬಂತು. ಸತ್ತಂತೆ ಕಾಣುವುದನ್ನೂ ಕೈಬಿಡದೆ ನೋಡಿಕೊಳ್ಳುವ ಒಬ್ಬನಿದ್ದಾನೆ ಅಂತ ಅಂದು ಹುಟ್ಟಿದ ನಂಬಿಕೆ ಕೊನೆಯ ತನಕ ಅವರನ್ನು ಬಿಡಲಿಲ್ಲ.

ಆದರೆ ಹೊಟ್ಟೆಪಾಡು ಅವರನ್ನು ಸೈನ್ಯಕ್ಕೆ ಒಯ್ದಿತು. ಯುರೋಪಿನಲ್ಲಿ 1618ರಿಂದ 1648ರ ತನಕ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದ ಕಾಲ ಅದು. ಒಮ್ಮೆ ಜರ್ಮನ್ ಸೈನಿಕರು ಇವರನ್ನು ಹಿಡಿದು, ಗೂಢಚಾರ ಅಂತ ಸಂಶಯಪಟ್ಟು ಗಲ್ಲಿಗೇರಿಸುವ ಬೆದರಿಕೆ ಹಾಕಿದರು. ತಾನು ಅಂಥವನಲ್ಲ, ಸಾಯಲು ಹೆದರಿಕೆಯೂ ಇಲ್ಲ ಅಂತ ಇವರು ಶಾಂತವಾಗಿ ಹೇಳಿದ್ದನ್ನು ಕೇಳಿ ಬಿಟ್ಟು ಕಳಿಸಿದರು. ಮುಂದೆ ರಾಂಬರ್‌ವಿಲೆ ಎಂಬ ಊರಿನ ಕಾಳಗದಲ್ಲಿ ಕಾಲಿಗೆ ಪೆಟ್ಟು ಬಿತ್ತು. ಸೈನಿಕನ ಬದುಕು ಅಲ್ಲಿಗೆ ಮುಗಿಯಿತು. ಕುಂಟುವುದು ಮಾತ್ರ ಸಾಯುವ ತನಕ ಉಳಿಯಿತು.

ನಂತರ ಪ್ಯಾರಿಸಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಮನೆಯಲ್ಲಿ ಆಳಾಗಿ ದುಡಿದರು. ಅಲ್ಲಿಯೂ ಹೆಸರು ಗಳಿಸಲಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಬೀಳಿಸಿ ಒಡೆಯುವ ಒಡ್ಡ ಅಂತ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದರು.

ಬೇಡವಾದ ಕೆಲಸವೇ ಪಾಲಿಗೆ ಬಂತು

1640ರಲ್ಲಿ ಅವರು ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದರು. ಸ್ಪೇನಿನ ಆವಿಲಾದ ಸಂತ ತೆರೇಸಾ ಹದಿನಾರನೇ ಶತಮಾನದಲ್ಲಿ ಸುಧಾರಿಸಿ ಕಟ್ಟಿದ ಸಭೆ ಇದು. ನಮ್ಮ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ಪುಣ್ಯಕ್ಷೇತ್ರ ನಡೆಸುತ್ತಿರುವವರೂ ಇದೇ ಕಾರ್ಮೆಲ್ ಸಭೆಯ ಗುರುಗಳೇ. ನಿಕೊಲಾ ಗುರುಪಟ್ಟ ಪಡೆಯುವಷ್ಟು ಓದಿದವರಲ್ಲ. ಹಾಗಾಗಿ ಮನೆಗೆಲಸ ಮಾಡುವ ಸಹೋದರರಾಗಿ ಸೇರಿ, ಪುನರುತ್ಥಾನದ ಲಾರೆನ್ಸ್ ಎಂಬ ಹೊಸ ಹೆಸರು ಪಡೆದರು.

ತನ್ನ ಒಡ್ಡತನಕ್ಕೆ ಮಠದಲ್ಲಿ ಚೆನ್ನಾಗಿ ಶಿಕ್ಷೆ ಸಿಗುತ್ತದೆ, ಅದೇ ತನ್ನ ಪಾಪಗಳಿಗೆ ಪ್ರಾಯಶ್ಚಿತ್ತ ಅಂತ ಅವರು ಲೆಕ್ಕ ಹಾಕಿದ್ದರು. ಮಠದವರು ಕೊಟ್ಟದ್ದು ಅಡುಗೆಮನೆಯ ಕೆಲಸ. ಅಡುಗೆ ಅಂದ್ರೆ ಅವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೂ ಹದಿನೈದು ವರ್ಷದಷ್ಟು ಕಾಲ ಅಲ್ಲೇ ದುಡಿದರು.

ಮಠದ ಅಡುಗೆಮನೆ ಅಂದ್ರೆ ಶಾಂತವಾದ ಜಾಗ ಅಂದ್ಕೋಬೇಡಿ. ಗಂಟೆ ಹೊಡೆಯುವಾಗ ಊಟ ತಯಾರಿರಬೇಕು. ಒಬ್ಬರು ಇದನ್ನು ಕೇಳ್ತಾರೆ, ಇನ್ನೊಬ್ಬರು ಅದನ್ನು ಕೇಳ್ತಾರೆ. ಹೊಗೆ, ಬಿಸಿ, ತೊಳೆಯಬೇಕಾದ ಪಾತ್ರೆಗಳು. ಮೆಸ್ಸಿನಲ್ಲೋ ಹೋಟೆಲಿನ ಕಿಚನ್ನಿನಲ್ಲೋ ದುಡಿಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ವರ್ಷದ ಕತ್ತಲೆ

ಮಠ ಸೇರಿದ ಕೂಡಲೇ ಲಾರೆನ್ಸ್ ಅವರಿಗೆ ಮನಶ್ಶಾಂತಿ ಸಿಗಲಿಲ್ಲ. ಹಳೆಯ ಪಾಪಗಳ ನೆನಪು ಹಗಲೂ ರಾತ್ರಿ ಕಾಡಿತು. ಹತ್ತು ವರ್ಷಗಳಷ್ಟು ಕಾಲ ಒಳಗೊಳಗೇ ನರಳಿದರು. ಅದರಲ್ಲೂ ನಾಲ್ಕು ವರ್ಷ, ತಾನು ಖಂಡಿತ ನರಕಕ್ಕೇ ಹೋಗುವವನು, ಯಾರು ಏನು ಹೇಳಿದರೂ ಇದು ಬದಲಾಗದು ಎಂಬ ಭಾವನೆ ಗಟ್ಟಿಯಾಗಿ ಕೂತಿತ್ತು.

ಕೊನೆಗೆ ಅವರು ಒಂದು ತೀರ್ಮಾನಕ್ಕೆ ಬಂದರು. ಸ್ವರ್ಗವೋ ನರಕವೋ ಅದು ದೇವರಿಗೆ ಬಿಟ್ಟದ್ದು. ತಾನು ಮಠಕ್ಕೆ ಬಂದದ್ದು ದೇವರ ಮೇಲಿನ ಪ್ರೀತಿಗಾಗಿ. ಬದುಕಿರುವಷ್ಟು ದಿನ ಪ್ರೀತಿಗಾಗಿಯೇ ದುಡಿಯುವುದು, ಸಂಬಳದ ಲೆಕ್ಕ ಕೇಳದೆ ಇರುವುದು. ಹೀಗೆ ಮನಸ್ಸು ಮಾಡಿದ ಮೇಲೆ ಹೆದರಿಕೆ ಕರಗುತ್ತಾ ಬಂತು, ಬದಲಿಗೆ ಒಂದು ಆಳವಾದ ಸಂತೋಷ ನೆಲೆಸಿತು.

ಅವರು ಕಂಡುಕೊಂಡ ದಾರಿ ಬಹಳ ಸರಳ. ಕೆಲಸ ಶುರುಮಾಡುವ ಮೊದಲು ದೇವರ ಹತ್ತಿರ ಒಂದು ಮಾತು ಹೇಳುವುದು. ನಡುವೆ ಆಗಾಗ ಮನಸ್ಸನ್ನು ಆತನ ಕಡೆ ತಿರುಗಿಸುವುದು. ಮುಗಿದ ಮೇಲೆ, ಚೆನ್ನಾಗಿ ಆಗಿದ್ದರೆ ವಂದನೆ, ಕೆಟ್ಟಿದ್ದರೆ ಕ್ಷಮೆ ಕೇಳಿ ಮುಂದಿನ ಕೆಲಸಕ್ಕೆ ಕೈಹಾಕುವುದು. ತಪ್ಪಿದ್ದಕ್ಕೆ ಕೊರಗುತ್ತಾ ಕೂರುವುದು ಅವರ ಪದ್ಧತಿಯಲ್ಲ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವಾಗಲೂ ದೇವರ ಪ್ರೀತಿಗಾಗಿ ಮಗುಚುತ್ತಿದ್ದರು. ನೆಲದ ಮೇಲಿನ ಒಂದು ಕಡ್ಡಿ ಹೆಕ್ಕುವುದನ್ನೂ ಅದೇ ಪ್ರೀತಿಯಿಂದ ಮಾಡುತ್ತಿದ್ದರು. ಕ್ರಮೇಣ ಅವರಿಗೆ ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಅನ್ನೋ ವ್ಯತ್ಯಾಸವೇ ಇಲ್ಲವಾಯಿತು.

ಮಠಕ್ಕೆ ದ್ರಾಕ್ಷಾರಸ ತರುವ ವ್ಯಾಪಾರಕ್ಕೂ ಅವರನ್ನೇ ದೂರದ ಊರುಗಳಿಗೆ ಕಳಿಸುತ್ತಿದ್ದರು. ವ್ಯಾಪಾರದ ಗಂಧವಿಲ್ಲದ ಮನುಷ್ಯ, ಮೇಲೆ ಕುಂಟು ಕಾಲು. ದೋಣಿಯಲ್ಲಿ ಆಚೀಚೆ ಹೋಗಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕಿತ್ತು. ಇದು ನಿನ್ನ ಕೆಲಸ, ನೀನೇ ನೋಡ್ಕೋ ಅಂತ ದೇವರಿಗೆ ಒಪ್ಪಿಸಿ ಹೋಗುತ್ತಿದ್ದರು, ವ್ಯಾಪಾರ ಮುಗಿಸಿಯೇ ಬರುತ್ತಿದ್ದರು. ಕಾಲು ನೋವು ಹೆಚ್ಚಾದಾಗ ಮಠದವರು ಕೂತು ಮಾಡುವ ಕೆಲಸ ಕೊಟ್ಟರು. ಸಹೋದರರ ಚಪ್ಪಲಿ ಹೊಲಿಯುವುದು. ಅದನ್ನೂ ಹಾಗೆಯೇ ಮಾಡಿದರು.

ಹುಡುಕಿಕೊಂಡು ಬಂದವರು

1666ರಲ್ಲಿ ಜೋಸೆಫ್ ದ ಬೊಫೋರ್ ಎಂಬ ಗುರುಗಳು ಈ ಸಹೋದರನನ್ನು ನೋಡಲು ಬಂದರು. ಮಾತಾಡಿ ಹೋಗಿ, ಕೇಳಿದ್ದನ್ನು ಬರೆದಿಟ್ಟರು. ಫ್ರಾನ್ಸಿನ ಹೆಸರಾಂತ ವಿದ್ವಾಂಸ ಫೆನೆಲೋನ್ ಕೂಡ ಲಾರೆನ್ಸ್ ಕಾಯಿಲೆ ಬಿದ್ದಿದ್ದಾಗ ಬಂದು ಕಂಡರು. 1691ರ ಫೆಬ್ರವರಿ 12ರಂದು ಲಾರೆನ್ಸ್ ತೀರಿಕೊಂಡರು. ಬೊಫೋರ್ ಅವರು ಆ ಸಂಭಾಷಣೆಗಳನ್ನೂ ಕೈಗೆ ಸಿಕ್ಕಿದ ಕೆಲವು ಪತ್ರಗಳನ್ನೂ ಅಚ್ಚು ಹಾಕಿಸಿದರು. ದೇವರ ಸನ್ನಿಧಿಯ ಅಭ್ಯಾಸ ಎಂಬ ಅರ್ಥದ ಹೆಸರಿನಲ್ಲಿ ಆ ಸಣ್ಣ ಪುಸ್ತಕ ಇಂದೂ ಹಲವಾರು ಭಾಷೆಗಳಲ್ಲಿ ಸಿಗುತ್ತದೆ. ಕ್ಯಾಥೊಲಿಕರೂ ಓದ್ತಾರೆ, ಪ್ರೊಟೆಸ್ಟಂಟರೂ ಓದ್ತಾರೆ. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ ಅದನ್ನು ತನ್ನ ಜನರಿಗಾಗಿ ಸಂಗ್ರಹಿಸಿ ಕೊಟ್ಟಿದ್ದರು.

ಲಾರೆನ್ಸ್ ಅವರ ಒಂದು ಪತ್ರದಲ್ಲಿ ಸೈನಿಕನೊಬ್ಬನ ವಿಷಯ ಬರುತ್ತದೆ. ಅವನಿಗೆ ಅವರು ಉದ್ದುದ್ದ ಪ್ರಾರ್ಥನೆ ಹೇಳಿಕೊಡಲಿಲ್ಲ. ಕೈಯಲ್ಲಿ ಕತ್ತಿ ಹಿಡಿದು ನಡೆಯುವಾಗಲೂ ಒಂದು ಕ್ಷಣ ಹೃದಯವನ್ನು ದೇವರ ಕಡೆ ಎತ್ತಿದರೆ ಸಾಕು ಅನ್ನೋದೇ ಅವರ ಸಲಹೆ. ಯಂತ್ರದ ಮುಂದೆ ನಿಂತವನಿಗೂ, ಟ್ಯಾಕ್ಸಿ ಓಡಿಸುವವನಿಗೂ, ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವವಳಿಗೂ ಅಷ್ಟು ಮಾಡಲು ಆಗುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಲಾರೆನ್ಸ್ ಮಠಕ್ಕೆ ಸ್ವಂತ ಇಚ್ಛೆಯಿಂದ ಹೋದವರು, ಸಂಬಳ ಬೇಡ ಅಂತ ವ್ರತ ತೊಟ್ಟವರು. ನಾವು ಬಂದದ್ದು ಸಂಸಾರ ಸಾಕಲು. ಹಾಗಾಗಿ ಅವರ ತಾಳ್ಮೆಯನ್ನು ತೋರಿಸಿ, ಸಂಬಳ ಕೊಡದಿದ್ದರೂ ಸುಮ್ಮನಿರಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಕೂಲಿಯಾಳುಗಳ ಕೂಲಿ ಹಿಡಿದಿಟ್ಟವರನ್ನು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಬಹಳ ಕಟುವಾಗಿ ಎಚ್ಚರಿಸುತ್ತದೆ. ದುಡಿದ ಹಣ ಕೇಳುವುದು ಪಾಪವಲ್ಲ. ಲಾರೆನ್ಸ್ ಕಲಿಸುವುದು ಬೇರೆ: ಮೇಲಿನವರು ನಮ್ಮ ಕೆಲಸಕ್ಕೆ ಬೆಲೆ ಕೊಡಲಿ ಬಿಡಲಿ, ಅದೇ ಕೆಲಸದಲ್ಲಿ ದೇವರ ಜೊತೆ ಇರುವುದನ್ನು ಯಾರೂ ತಡೆಯಲಾರರು.

ದೇವರು ಬಯಸುವುದು ದೊಡ್ಡ ಸಾಧನೆಯನ್ನಲ್ಲ ಅನ್ನೋದಕ್ಕೆ ಈ ಬಾಳೇ ಸಾಕ್ಷಿ. ಇವರಿಗೆ ಸಂತ ಪದವಿ ಸಿಕ್ಕಿಲ್ಲ, ಇವರು ಪವಾಡ ಮಾಡಿದ ಕಥೆಗಳೂ ಇಲ್ಲ. ಕೊಟ್ಟ ಕೆಲಸವನ್ನು ಮೋಸವಿಲ್ಲದೆ, ಗೊಣಗದೆ, ಪ್ರೀತಿಯಿಂದ ಮಾಡಿದ್ದು ಅಷ್ಟೇ ಇದೆ. ರಜೆಗೆ ಊರಿಗೆ ಹೋದಾಗ ಬಿಕರ್ನಕಟ್ಟೆಯ ಕಾರ್ಮೆಲ್ ಗುಡ್ಡ ಹತ್ತುವವರು ಇವರನ್ನೂ ಒಮ್ಮೆ ನೆನೆಯಬಹುದು. ಅಲ್ಲಿಯ ತನಕ ಕಾಯಲೇಬೇಕು ಅಂತೇನಿಲ್ಲ. ನಾಳೆ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ, ಬಸ್ಸು ಹತ್ತುವ ಮೊದಲು ಒಂದು ಮಾತು ಹೇಳಿ ಶುರುಮಾಡಬಹುದು.